ಹಳೇ ಕಾರನ್ನು ಮೂರು ಲಕ್ಷ ಕಿಲೋಮೀಟರ್ ದಾಟಿಸುವುದು: ಯಾವ ಕೆಲಸ ಮೊದಲು, ಯಾವುದು ಆಮೇಲೆ

"ಕಡಿಮೆ ಬೆಲೆಗೆ ಹಳೇ ಕಾರು ಕೊಂಡಿದ್ದೇನೆ, ಆಗಲೇ ಒಂದೂವರೆ ಲಕ್ಷ ಕಿಲೋಮೀಟರ್ ಓಡಿದೆ. ಇನ್ನೆಷ್ಟು ಬಾಳುತ್ತದೆ? ಈಗ ಏನೇನು ಮಾಡಿಸಬೇಕು?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು.

ಓಡೋಮೀಟರಿನ ಅಂಕಿಯೊಂದನ್ನೇ ನೋಡಿ ಆಯಸ್ಸು ಹೇಳಲಾಗುವುದಿಲ್ಲ. ಸಾಧಾರಣ ನಾಲ್ಕು ಸಿಲಿಂಡರಿನ ಎಂಜಿನ್ ಮೂರು ಲಕ್ಷ ಕಿಲೋಮೀಟರ್ ಮುಟ್ಟುವುದು ಅಪರೂಪವೇನಲ್ಲ. ಅಷ್ಟು ದೂರ ಬಾರದ ಎಂಜಿನ್‌ಗಳಲ್ಲಿ ಸಹಜವಾಗಿ ಸವೆದು ಕೆಟ್ಟವು ಕಡಿಮೆ. ಆಯಿಲ್ ಕಡಿಮೆಯಾಗಿದ್ದರೂ ಓಡಿಸಿದ್ದು, ಹೀಟ್ ಆದ ಮೇಲೂ ಓಡಿಸಿದ್ದು, ಟೈಮಿಂಗ್ ಬೆಲ್ಟ್ (ಎಂಜಿನ್ನಿನ ಹಲ್ಲಿನ ರಬ್ಬರ್ ಪಟ್ಟಿ) ತುಂಡಾಗಿದ್ದು, ಹೆಚ್ಚಿನವು ಈ ಮೂರರಲ್ಲಿ ಒಂದಕ್ಕೆ ಬಲಿಯಾಗಿರುತ್ತವೆ. ಮೂರನ್ನೂ ಮೊದಲೇ ತಡೆಯಬಹುದು. ತಡೆಯಲು ಆಗುವ ಖರ್ಚು ಎಂಜಿನ್ ಬಿಚ್ಚಿ ಕಟ್ಟಿಸುವ ಖರ್ಚಿನ ಸಣ್ಣದೊಂದು ಪಾಲು. ಹಾಗಾಗಿ ಈ ಲೇಖನದಲ್ಲಿ ಹೆಚ್ಚಿನ ಜಾಗ ಆ ಮೂರಕ್ಕೇ ಮೀಸಲು.

ಇಲ್ಲಿ ಕೊಟ್ಟಿರುವ ಅಳತೆ, ಅವಧಿಗಳು ಸಾಮಾನ್ಯ ಸಣ್ಣ ಕಾರುಗಳಿಗೆ ಹೊಂದುವಂಥವು. ನಿಮ್ಮ ಕಾರಿನ ಮ್ಯಾನುಯಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಿ.

ಕೈಯಲ್ಲಿ ಇರಬೇಕಾದ ಸಾಮಾನು

ಎಲ್ಲ ಕೆಲಸವನ್ನೂ ನೀವೇ ಮಾಡಬೇಕಿಲ್ಲ. ಆದರೆ ಗ್ಯಾರೇಜಿಗೆ ಬಿಡುವವರಿಗೂ ಕೆಲವು ಸಾಮಾನು ಬೇಕು: ಟೈರ್ ಗಾಳಿ ಅಳೆಯುವ ಗೇಜ್, ಮಲ್ಟಿಮೀಟರ್, ಒಳ್ಳೆಯ ಟಾರ್ಚ್, ಮತ್ತು ಓಬಿಡಿ ಸ್ಕ್ಯಾನರ್, ಅಂದರೆ ಡ್ಯಾಶ್‌ಬೋರ್ಡಿನ ಕೆಳಗಿನ ಸಾಕೆಟ್‌ಗೆ ಸಿಕ್ಕಿಸಿ ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ಓದುವ ಪುಟ್ಟ ಸಾಧನ. ಸ್ವಂತ ಕೈಯಿಂದ ಆಯಿಲ್ ಬದಲಿಸುವವರು ಇದರ ಜೊತೆಗೆ ಸಾಕೆಟ್ ಸೆಟ್, ಟಾರ್ಕ್ ರೆಂಚ್ (ಬೋಲ್ಟನ್ನು ಎಷ್ಟು ಬಲದಿಂದ ಬಿಗಿಯುತ್ತಿದ್ದೀರಿ ಎಂದು ತೋರಿಸುವ ಸ್ಪ್ಯಾನರ್), ಜ್ಯಾಕ್ ಹಾಗೂ ಎರಡು ಜ್ಯಾಕ್ ಸ್ಟ್ಯಾಂಡ್ ಇಟ್ಟುಕೊಳ್ಳಿ.

ಎಚ್ಚರಿಕೆ: ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ತೋಳನ್ನೂ ಚಾಚಬೇಡಿ. ಜ್ಯಾಕ್ ಇರುವುದು ಎತ್ತಲು, ಹಿಡಿದು ನಿಲ್ಲಿಸಲು ಸ್ಟ್ಯಾಂಡೇ ಬೇಕು. ನೆಲ ಸಮತಟ್ಟಾಗಿರಲಿ, ನೆಲ ಬಿಡದ ಚಕ್ರಗಳಿಗೆ ಅಡ್ಡ ಕೊಡಿ.

ಹಂತ 1: ಹಿಂದಿನ ಮಾಲೀಕ ಏನೂ ಮಾಡಿಸಿಲ್ಲ ಎಂದುಕೊಂಡೇ ಶುರು ಮಾಡಿ

ಮಾರಿದವರು "ಎಲ್ಲಾ ಸರ್ವಿಸ್ ಆಗಿದೆ" ಎಂದಿರಬಹುದು. ದಿನಾಂಕ ಮತ್ತು ಕಿಲೋಮೀಟರ್ ಇರುವ ಬಿಲ್ ಕಾಣಿಸದಿದ್ದರೆ ಆಗಿಲ್ಲ ಎಂದೇ ಲೆಕ್ಕ. ಕಾರು ಕೈಗೆ ಬಂದ ಮೊದಲ ತಿಂಗಳಲ್ಲಿ, ಈ ಕ್ರಮದಲ್ಲಿ ಮುಗಿಸಿ:

1. ಬ್ರೇಕ್, ಟೈರ್, ಸ್ಟೇರಿಂಗ್ ಪರೀಕ್ಷೆ. ಜೀವಕ್ಕೆ ಸಂಬಂಧಿಸಿದ್ದು ಮೊದಲು.
2. ಎಂಜಿನ್ ಆಯಿಲ್ ಮತ್ತು ಫಿಲ್ಟರ್.
3. ಎಂಜಿನ್‌ನಲ್ಲಿರುವುದು ಟೈಮಿಂಗ್ ಬೆಲ್ಟೋ ಚೈನೋ ಎಂಬ ಖಚಿತ ಮಾಹಿತಿ. ಬೆಲ್ಟ್ ಆಗಿದ್ದು ಬದಲಿಸಿದ ದಾಖಲೆ ಇಲ್ಲದಿದ್ದರೆ ಹೊಸ ಬೆಲ್ಟ್.
4. ಕೂಲಂಟ್ (ಎಂಜಿನ್ ತಣಿಸುವ ದ್ರವ), ಬ್ರೇಕ್ ಆಯಿಲ್, ಗೇರ್ ಆಯಿಲ್.
5. ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್. ಡೀಸೆಲ್ ಆಗಿದ್ದರೆ ಫ್ಯೂಯಲ್ ಫಿಲ್ಟರ್.

ಸೀಟ್ ಕವರ್, ಪಾಲಿಶ್, ಸ್ಪೀಕರ್ ಎಲ್ಲ ಇದಾದ ಮೇಲೆ. ಬಹಳ ಮಂದಿ ಮೊದಲ ತಿಂಗಳ ದುಡ್ಡನ್ನೆಲ್ಲ ಅದಕ್ಕೇ ಸುರಿದು, ಬೆಲ್ಟ್ ವಿಷಯ "ಮುಂದಿನ ಸರ್ವಿಸ್‌ಗೆ ನೋಡೋಣ" ಎಂದು ಬಿಡುತ್ತಾರೆ. ಹಳೇ ಕಾರಿನಲ್ಲಿ ಆಗುವ ಅತಿ ದುಬಾರಿ ತಪ್ಪು ಇದೇ.

ಕಾರು ಕೈಗೆ ಬಂದ ದಿನವೇ ಒಂದು ನೋಟ್‌ಬುಕ್ ತೆರೆಯಿರಿ. ದಿನಾಂಕ, ಓಡೋಮೀಟರ್ ಅಂಕಿ, ಮಾಡಿದ ಕೆಲಸ, ಹಾಕಿದ ಭಾಗದ ನಂಬರ್ ಇಷ್ಟನ್ನು ಬರೆಯಿರಿ. ಪ್ರತಿ ಬಾರಿ ಸುರಿದ ಆಯಿಲ್, ಕೂಲಂಟ್ ಎಷ್ಟು ಎಂಬುದನ್ನೂ ಬರೆಯಿರಿ. ಮುಂದಿನ ಹಂತಗಳಲ್ಲಿ ಹೇಳುವ ಅರ್ಧದಷ್ಟು ತೊಂದರೆಗಳನ್ನು ಈ ಪುಸ್ತಕವೇ ಮೊದಲು ಬಯಲು ಮಾಡುತ್ತದೆ.

ಹಂತ 2: ಎಂಜಿನ್ ಆಯಿಲ್

ವಾರಕ್ಕೊಮ್ಮೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ತೋರಿಸುವ ಕಡ್ಡಿ) ನೋಡುವುದು ಹಳೇ ಕಾರಿಗೆ ನೀವು ಮಾಡಬಹುದಾದ ಅತ್ಯಂತ ದೊಡ್ಡ ಉಪಕಾರ. ಆಯಿಲ್ ಬದಲಿಸುವುದಕ್ಕಿಂತಲೂ ಇದು ಮುಖ್ಯ ಎಂದರೆ ಅತಿಶಯೋಕ್ತಿಯಲ್ಲ. ಏಕೆಂದರೆ ಹಳೇ ಎಂಜಿನ್ ಆಯಿಲ್ ಕುಡಿಯುತ್ತದೆ. ಹತ್ತು ಸಾವಿರ ಕಿಲೋಮೀಟರ್‌ಗೊಮ್ಮೆ ತಪ್ಪದೆ ಬದಲಿಸುವವರ ಕಾರಿನಲ್ಲೂ ಏಳು ಸಾವಿರದ ಹೊತ್ತಿಗೆ ಆಯಿಲ್ ತಳ ಕಂಡಿರಬಹುದು. ಕೆಂಪು ಆಯಿಲ್ ದೀಪ ಮಟ್ಟವನ್ನು ತೋರಿಸುವುದಿಲ್ಲ, ಒತ್ತಡ ಬಿದ್ದುಹೋದುದನ್ನು ತೋರಿಸುತ್ತದೆ. ಅದು ಹೊತ್ತಿಕೊಳ್ಳುವ ಹೊತ್ತಿಗೆ ಬೇರಿಂಗ್‌ಗಳು ಒಣಗಿ ಉಜ್ಜತೊಡಗಿರುತ್ತವೆ. ಓಡುವಾಗ ಆ ದೀಪ ಕಂಡರೆ ಮುಂದಿನ ಬಂಕ್‌ವರೆಗೂ ಹೋಗಬೇಡಿ. ಪಕ್ಕಕ್ಕೆ ತೆಗೆದು ಎಂಜಿನ್ ಆಫ್ ಮಾಡಿ.

ನೋಡುವ ಕ್ರಮ: ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಕಾಯಿರಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲಾದರೆ ಇನ್ನೂ ಒಳ್ಳೆಯದು. ಕಡ್ಡಿ ಹೊರಗೆಳೆದು ಒರೆಸಿ, ಪೂರ್ತಿ ಒಳಗೆ ಕೂರಿಸಿ, ಮತ್ತೆ ಎಳೆಯಿರಿ. ಎರಡು ಗುರುತುಗಳ ನಡುವಿನ ಅಂತರ ಹೆಚ್ಚಿನ ಸಣ್ಣ ಕಾರುಗಳಲ್ಲಿ ಒಂದು ಲೀಟರ್‌ನ ಆಸುಪಾಸು. ಮಟ್ಟ ಅರ್ಧಕ್ಕೆ ಬಂದಿದ್ದರೆ ಕಾಲು ಲೀಟರ್ ಹಾಕಿ, ಎರಡು ನಿಮಿಷ ಬಿಟ್ಟು ಮತ್ತೆ ನೋಡಿ. ಮೇಲಿನ ಗುರುತು ದಾಟಿಸಬೇಡಿ. ಹೆಚ್ಚಾದ ಆಯಿಲನ್ನು ತಿರುಗುವ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಕಡೆದು ನೊರೆ ಮಾಡುತ್ತದೆ, ನೊರೆಯಾದ ಆಯಿಲ್‌ಗೆ ಬೇರಿಂಗನ್ನು ಕಾಯುವ ಶಕ್ತಿ ಇರುವುದಿಲ್ಲ.

ಎಷ್ಟು ಕುಡಿದರೆ ಚಿಂತೆ? ಹಳೇ ಎಂಜಿನ್ 5,000 ಕಿಲೋಮೀಟರ್‌ಗೆ ಒಂದು ಲೀಟರ್ ತೆಗೆದುಕೊಂಡರೆ ಸುರಿದುಕೊಂಡು ಓಡಿಸಿ, ಬಿಚ್ಚುವ ಮಾತು ಬೇಡ. 1,000 ಕಿಲೋಮೀಟರ್‌ಗೆ ಒಂದು ಲೀಟರ್ ಆಗುತ್ತಿದ್ದರೆ ಕಾರಣ ಹುಡುಕಬೇಕು. ರಾತ್ರಿಯಿಡೀ ನಿಂತ ಕಾರು ಬೆಳಿಗ್ಗೆ ಸ್ಟಾರ್ಟ್ ಆದಾಗ ಒಂದು ಬುಗ್ಗೆ ನೀಲಿ ಹೊಗೆ ಬಿಟ್ಟು ಸುಮ್ಮನಾದರೆ ವಾಲ್ವ್ ಸೀಲ್ (ವಾಲ್ವ್ ಬಳಿ ಆಯಿಲ್ ತಡೆಯುವ ರಬ್ಬರ್) ಮೃದುತನ ಕಳೆದುಕೊಂಡು ಆಯಿಲ್ ಬಿಡುತ್ತಿದೆ ಎಂದರ್ಥ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿರುವ ಸಾಧ್ಯತೆ ಹೆಚ್ಚು. ಎರಡಕ್ಕೂ ಮೊದಲು ಪಿಸಿವಿ ವಾಲ್ವ್ ನೋಡಿಸಿ. ಎಂಜಿನ್ ಒಳಗೆ ಸೇರುವ ಗಾಳಿ-ಹೊಗೆಯನ್ನು ಹೊರಗೆಳೆಯುವ ಈ ಸಣ್ಣ ವಾಲ್ವ್ ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ, ಇದ್ದಬದ್ದ ಸೀಲ್‌ಗಳಿಂದೆಲ್ಲ ಆಯಿಲ್ ಒಸರುತ್ತದೆ. ಹೆಚ್ಚಿನ ಕಾರುಗಳಲ್ಲಿ ಅದು ಕೈಗೆ ಸಿಗುವ ಜಾಗದಲ್ಲೇ ಇರುವ ಅಗ್ಗದ ಭಾಗ.

ಬದಲಿಸುವ ಅವಧಿ 7,500ದಿಂದ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ದಿನವೂ ನಾಲ್ಕೈದು ಕಿಲೋಮೀಟರ್ ಓಡಿ ನಿಲ್ಲುವ ಕಾರಾದರೆ 5,000ಕ್ಕೇ ಬದಲಿಸಿ. ಎಂಜಿನ್ ಪೂರ್ತಿ ಬಿಸಿಯಾಗದಿದ್ದರೆ ಆಯಿಲ್‌ನಲ್ಲಿ ಸೇರಿದ ನೀರಿನಂಶ, ಪೆಟ್ರೋಲ್ ಆವಿಯಾಗದೆ ಅಲ್ಲೇ ಉಳಿಯುತ್ತವೆ. ಇದೇ ಕಾರಣಕ್ಕೆ ಹೆದ್ದಾರಿಯಲ್ಲಿ ಎರಡು ಲಕ್ಷ ಓಡಿದ ಎಂಜಿನ್, ಊರೊಳಗೇ ಒಂದು ಲಕ್ಷ ಓಡಿದ್ದಕ್ಕಿಂತ ಗಟ್ಟಿಯಾಗಿರಬಹುದು. 1966ರ ವೋಲ್ವೊ ಪಿ1800 ಕಾರೊಂದನ್ನು 2013ರಲ್ಲಿ 30 ಲಕ್ಷ ಮೈಲಿ ದಾಟಿಸಿದ ಅಮೆರಿಕದ ಇರ್ವ್ ಗಾರ್ಡನ್ ಅವರ ಓಡಾಟವೂ ಬಹುಪಾಲು ದೂರದ ಹೆದ್ದಾರಿಗಳಲ್ಲೇ ಆಗಿತ್ತು.

ಬದಲಿಸುವಾಗ ಇವು ಗಮನದಲ್ಲಿರಲಿ:

- ಎಂಜಿನ್ ಬೆಚ್ಚಗಿದ್ದಾಗ ಇಳಿಸಿ, ಕೈ ಸುಡುವಷ್ಟು ಬಿಸಿ ಬೇಡ. ಸಣ್ಣ ಎಂಜಿನ್‌ಗಳಿಗೆ ಫಿಲ್ಟರ್ ಸೇರಿ 3ರಿಂದ 4.5 ಲೀಟರ್ ಹಿಡಿಯುತ್ತದೆ.
- ಡ್ರೇನ್ ಬೋಲ್ಟ್‌ಗೆ ಪ್ರತಿ ಬಾರಿ ಹೊಸ ವಾಷರ್ ಹಾಕಿ. ಬಿಗಿತ ಸಾಮಾನ್ಯವಾಗಿ 25ರಿಂದ 40 ನ್ಯೂಟನ್-ಮೀಟರ್. ಅಲ್ಯೂಮಿನಿಯಂ ಆಯಿಲ್ ಪ್ಯಾನ್‌ಗೆ ಮೈಬಲವೆಲ್ಲ ಹಾಕಿ ಬಿಗಿದರೆ ಥ್ರೆಡ್ ಕಿತ್ತು ಬರುತ್ತದೆ.
- ಹಳೇ ಫಿಲ್ಟರ್ ಬಿಚ್ಚಿದ ಕೂಡಲೇ ಅದರ ರಬ್ಬರ್ ರಿಂಗ್ ಫಿಲ್ಟರ್ ಜೊತೆಗೇ ಬಂತೇ ಎಂದು ನೋಡಿ. ಎಂಜಿನ್ ಕಡೆಗೆ ಅಂಟಿಕೊಂಡು ಉಳಿದಿದ್ದರೆ, ಅದರ ಮೇಲೆ ಹೊಸ ಫಿಲ್ಟರಿನ ರಿಂಗ್ ಕೂತು ಎರಡು ರಿಂಗ್ ಆಗುತ್ತದೆ. ಸ್ಟಾರ್ಟ್ ಮಾಡಿ ಒತ್ತಡ ಬಂದೊಡನೆ ಮೇಲಿನದು ಜಾರಿ, ಒಂದೆರಡು ನಿಮಿಷದಲ್ಲಿ ಆಯಿಲೆಲ್ಲ ನೆಲದ ಪಾಲು. ಬೆರಳಿನಿಂದ ಕೂರುವ ಜಾಗವನ್ನು ಸುತ್ತಲೂ ಸವರಿ ನೋಡಿ, ಉಬ್ಬು ಸಿಗಬಾರದು.
- ಹೊಸ ರಿಂಗ್‌ಗೆ ಹೊಸ ಆಯಿಲ್ ಸವರಿ, ಕೈಯಿಂದ ತಿರುಗಿಸಿ. ರಿಂಗ್ ತಾಗಿದ ಮೇಲೆ ಮುಕ್ಕಾಲು ಸುತ್ತು ಸಾಕು, ಸ್ಪ್ಯಾನರ್ ಬೇಡ.

"ಹಳೇ ಎಂಜಿನ್‌ಗೆ ಗಟ್ಟಿ ಆಯಿಲ್ ಹಾಕಿ" ಎಂಬ ಸಲಹೆ ಎಲ್ಲೆಡೆ ಕೇಳುತ್ತೀರಿ. 5ಡಬ್ಲ್ಯೂ-30 ಎಂಬುದರಲ್ಲಿ ಮೊದಲ ಅಂಕಿ ತಣ್ಣಗಿದ್ದಾಗ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು, ಎರಡನೆಯದು ಬಿಸಿಯಾದಾಗ ಎಷ್ಟು ದಪ್ಪ ಉಳಿಯುತ್ತದೆ ಎಂಬುದನ್ನು ಹೇಳುತ್ತದೆ. ಮ್ಯಾನುಯಲ್‌ನ ಪಟ್ಟಿಯಲ್ಲಿ 5ಡಬ್ಲ್ಯೂ-40 ಕೂಡ ಇದ್ದು, ಕಾರು ಆಯಿಲ್ ಕುಡಿಯುತ್ತಿದ್ದರೆ ಅದಕ್ಕೆ ಹೋಗಬಹುದು. ಪಟ್ಟಿಯಲ್ಲೇ ಇಲ್ಲದ 20ಡಬ್ಲ್ಯೂ-50 ತುಂಬಿಸಿದರೆ ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಆಯಿಲ್, ವಾಲ್ವ್‌ಗಳನ್ನು ತೆರೆಯುವ ಮೇಲಿನ ಕ್ಯಾಮ್‌ಶಾಫ್ಟ್ ತಲುಪುವುದು ತಡವಾಗುತ್ತದೆ. ಸವೆತ ಹೆಚ್ಚಾಗಿ ಆಗುವುದೂ ಆ ಮೊದಲ ಗಳಿಗೆಗಳಲ್ಲೇ.

ಇನ್ನೊಂದು ಮಾತು. ವರ್ಷಗಟ್ಟಲೆ ಆಯಿಲ್ ಬದಲಿಸದ ಎಂಜಿನ್‌ಗೆ "ಫ್ಲಶ್" ದ್ರವ ಹಾಕಿಸಬೇಡಿ. ಒಳಗೆ ಕಟ್ಟಿದ ಕಪ್ಪು ಗಸಿ ಒಮ್ಮೆಲೇ ಕಿತ್ತು ಬಂದು ಆಯಿಲ್ ಪಂಪಿನ ಜಾಲರಿಗೆ ಮೆತ್ತಿಕೊಂಡರೆ ಆಯಿಲ್ ಹರಿವೇ ನಿಲ್ಲುತ್ತದೆ. ಬದಲಿಗೆ ಒಳ್ಳೆಯ ಆಯಿಲ್ ಹಾಕಿ 3,000 ಕಿಲೋಮೀಟರ್‌ಗೆ ಒಮ್ಮೆ, ಮತ್ತೆ 3,000ಕ್ಕೆ ಇನ್ನೊಮ್ಮೆ ಬದಲಿಸಿ. ಗಸಿ ನಿಧಾನವಾಗಿ ಕರಗಿ ಇಳಿಯುತ್ತದೆ.

ಹಂತ 3: ಕೂಲಿಂಗ್

ಹಳೇ ಕಾರಿನ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಒಂದೇ ಒಂದು ಸಲ ಚೆನ್ನಾಗಿ ಹೀಟ್ ಆದರೂ ಸೊಟ್ಟಗಾಗಬಹುದು. ಹೆಡ್ ಸೊಟ್ಟಗಾದರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಪ್ಯಾಕಿಂಗ್, ಹಿಡಿತ ಬಿಡುತ್ತದೆ. ಅಗ್ಗದ ಕಾರುಗಳು ಗುಜರಿಗೆ ಹೋಗುವುದು ಹೆಚ್ಚಾಗಿ ಇಲ್ಲಿಂದಲೇ. ಇದಕ್ಕೆಲ್ಲ ಮೂಲ ಸಾಮಾನ್ಯವಾಗಿ ಒಡೆದ ಹೋಸ್, ಸಿಕ್ಕಿಕೊಂಡ ಥರ್ಮೋಸ್ಟ್ಯಾಟ್, ತಿರುಗದ ಫ್ಯಾನ್ ಅಥವಾ ಒತ್ತಡ ಹಿಡಿಯದ ರೇಡಿಯೇಟರ್ ಮುಚ್ಚಳ. ನಾಲ್ಕೂ ಅಗ್ಗದ ಭಾಗಗಳು.

ಕಾರು ಹೊಸದಾಗಿ ಕೈಗೆ ಬಂದಾಗ ಥರ್ಮೋಸ್ಟ್ಯಾಟ್, ಮುಚ್ಚಳ, ಮೇಲಿನ-ಕೆಳಗಿನ ಹೋಸ್‌ಗಳನ್ನು ಕೂಲಂಟ್ ಜೊತೆಗೇ ಹೊಸದು ಮಾಡಿಬಿಡಿ. ಥರ್ಮೋಸ್ಟ್ಯಾಟ್ ಎಂದರೆ ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ವಾಲ್ವ್. ಸಾಮಾನ್ಯವಾಗಿ 82ರಿಂದ 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೆರೆದುಕೊಳ್ಳುತ್ತದೆ. ಕೆಲವು ಮೆಕ್ಯಾನಿಕ್‌ಗಳು "ಹೀಟ್ ತೊಂದರೆ ಬೇಡ" ಎಂದು ಅದನ್ನೇ ಕಿತ್ತು ಬಿಸಾಡುತ್ತಾರೆ. ಒಪ್ಪಬೇಡಿ. ಎಂಜಿನ್ ಸದಾ ತಣ್ಣಗೆ ಓಡಿ ಪೆಟ್ರೋಲ್ ಹೆಚ್ಚು ಸುಡುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ, ಮೂಲ ದೋಷ ಇದ್ದಲ್ಲೇ ಇರುತ್ತದೆ.

ಬರೀ ನೀರು ತುಂಬಿಸಬೇಡಿ. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ. ಈ ಮಿಶ್ರಣ ಒಳಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಮುಚ್ಚಳದ ಒತ್ತಡವೂ ಸೇರಿದರೆ 120 ಡಿಗ್ರಿಯಲ್ಲೂ ಕುದಿಯುವುದಿಲ್ಲ. ಬಣ್ಣ ನೋಡಿ ಕೂಲಂಟ್ ಕೊಳ್ಳಬೇಡಿ. ಹಸಿರು, ಕೆಂಪು, ನೀಲಿ ಬಣ್ಣಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಅರ್ಥವಿಲ್ಲ. ಡಬ್ಬದ ಮೇಲೆ ನಿಮ್ಮ ಮ್ಯಾನುಯಲ್ ಹೇಳಿದ ಸ್ಪೆಸಿಫಿಕೇಶನ್ ಇರಬೇಕು. ಬೇರೆ ಬೇರೆ ಜಾತಿಯವನ್ನು ಬೆರೆಸಿದರೆ ತುಕ್ಕು ತಡೆಯುವ ಗುಣ ಕುಂದುತ್ತದೆ, ಕೆಲವು ಗಸಿಗಟ್ಟುತ್ತವೆ.

ಬದಲಿಸಿದ ಮೇಲೆ ಒಳಗಿನ ಗಾಳಿ ತೆಗೆಯುವುದನ್ನು ಮರೆಯಬೇಡಿ. ಮುಚ್ಚಳ ತೆಗೆದೇ ಇಟ್ಟು, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ನಿಧಾನವಾಗಿ ತುಂಬಿ. ಎಂಜಿನ್ ಐಡಲ್‌ನಲ್ಲಿ ಓಡಲಿ. ಗುಳ್ಳೆಗಳು ಬರುತ್ತಾ ಮಟ್ಟ ಇಳಿದಂತೆಲ್ಲ ಸೇರಿಸುತ್ತಿರಿ. ಬಿಸಿ ಕೂಲಂಟ್ ಉಕ್ಕಬಹುದು, ಮುಖ ದೂರವಿರಲಿ. ಥರ್ಮೋಸ್ಟ್ಯಾಟ್ ತೆರೆದು ಮೇಲಿನ ಹೋಸ್ ಬಿಸಿಯಾದ ಮೇಲೆ ಮುಚ್ಚಳ ಹಾಕಿ, ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ನೋಡಿ. ಮರುದಿನ ಬೆಳಿಗ್ಗೆ ತಣ್ಣಗಿದ್ದಾಗ ಮಟ್ಟ ಮತ್ತೊಮ್ಮೆ ನೋಡಿ, ಕಡಿಮೆಯಿದ್ದರೆ ಸೇರಿಸಿ. ಕೆಲವು ಕಾರುಗಳಲ್ಲಿ ಗಾಳಿ ಬಿಡಲೆಂದೇ ಒಂದು ಸ್ಕ್ರೂ ಇರುತ್ತದೆ, ಅದರ ಜಾಗ ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ.

ಎಚ್ಚರಿಕೆ: ಬಿಸಿ ಎಂಜಿನ್‌ನ ರೇಡಿಯೇಟರ್ ಮುಚ್ಚಳ ಯಾವ ಕಾರಣಕ್ಕೂ ತೆರೆಯಬೇಡಿ. ಒತ್ತಡ ಇಳಿದ ಕ್ಷಣ ಒಳಗಿನ ದ್ರವ ಕುದಿದು ಮುಖಕ್ಕೇ ಚಿಮ್ಮುತ್ತದೆ.

ಟೆಂಪರೇಚರ್ ಮುಳ್ಳನ್ನು ಪೂರ್ತಿ ನಂಬಬೇಡಿ. ಕೂಲಂಟ್ ಖಾಲಿಯಾಗಿ ಸೆನ್ಸರ್ ಬರಿಗಾಳಿಯಲ್ಲಿ ನಿಂತರೆ ಅದು ತಪ್ಪಾಗಿ ಕಡಿಮೆ ತೋರಿಸಬಹುದು. ಹೀಟರ್ ಹಾಕಿದಾಗ ಬಿಸಿ ಗಾಳಿ ಬರುತ್ತಿದ್ದುದು ಇದ್ದಕ್ಕಿದ್ದಂತೆ ತಣ್ಣಗಾದರೆ ಕೂಲಂಟ್ ಹೋಗಿದೆ ಎಂದು ತಿಳಿಯಿರಿ. ಓಡುವಾಗ ಮುಳ್ಳು ಏರತೊಡಗಿದರೆ ಏಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ, ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ. ಕೆಂಪು ಗೆರೆ ಮುಟ್ಟಿದ್ದರೆ ಜಾಗ ಹುಡುಕುತ್ತಾ ಹೋಗುವಷ್ಟೂ ಸಮಯವಿಲ್ಲ.

ಹೊರಗೆ ಎಲ್ಲೂ ಲೀಕ್ ಕಾಣದೆ ಕೂಲಂಟ್ ಕಡಿಮೆಯಾಗುತ್ತಿದ್ದರೆ, ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ರೇಡಿಯೇಟರ್‌ನಲ್ಲಿ ಗುಳ್ಳೆ ನಿಲ್ಲದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸಿ. ಆಯಿಲ್ ಮುಚ್ಚಳದ ಒಳಗೆ ಸ್ವಲ್ಪ ಕೆನೆಬಣ್ಣದ ಪದರ ಕಂಡೊಡನೆ ಹೆದರಬೇಡಿ. ಸಣ್ಣ ಸಣ್ಣ ಓಡಾಟದ ಕಾರಿನಲ್ಲಿ ತೇವದಿಂದಲೂ ಅದು ಬರುತ್ತದೆ. ಡಿಪ್‌ಸ್ಟಿಕ್‌ನ ಆಯಿಲೂ ಹಾಲು ಬೆರೆತಂತಿದ್ದರೆ ಆಗ ಎಂಜಿನ್ ಸ್ಟಾರ್ಟ್ ಮಾಡಬೇಡಿ.

ಹಂತ 4: ಟೈಮಿಂಗ್ ಬೆಲ್ಟ್

ಕೆಳಗಿನ ಕ್ರ್ಯಾಂಕ್‌ಶಾಫ್ಟ್ ಮತ್ತು ಮೇಲಿನ ಕ್ಯಾಮ್‌ಶಾಫ್ಟ್ ತಾಳ ತಪ್ಪದೆ ತಿರುಗುವಂತೆ ಹಿಡಿದಿಡುವ ಹಲ್ಲಿನ ರಬ್ಬರ್ ಪಟ್ಟಿ ಇದು. ಬಹಳಷ್ಟು ಎಂಜಿನ್‌ಗಳಲ್ಲಿ ವಾಲ್ವ್ ಮತ್ತು ಪಿಸ್ಟನ್ ಒಂದೇ ಜಾಗವನ್ನು ಬೇರೆ ಬೇರೆ ಕ್ಷಣಗಳಲ್ಲಿ ಬಳಸುತ್ತವೆ. ಬೆಲ್ಟ್ ತುಂಡಾದರೆ ತೆರೆದ ವಾಲ್ವ್‌ಗೆ ಪಿಸ್ಟನ್ ಬಂದು ಗುದ್ದುತ್ತದೆ. ವಾಲ್ವ್ ಬಾಗುತ್ತದೆ, ಕೆಲವೊಮ್ಮೆ ಪಿಸ್ಟನ್ನೇ ಒಡೆಯುತ್ತದೆ. ಬೆಲ್ಟ್ ಸಾಮಾನ್ಯವಾಗಿ ಸದ್ದು ಮಾಡಿ ಎಚ್ಚರಿಸುವುದಿಲ್ಲ, ನೋಡಲು ಚೆನ್ನಾಗಿದ್ದದ್ದೂ ತುಂಡಾಗುತ್ತದೆ.

ಅವಧಿ ಕಾರಿಂದ ಕಾರಿಗೆ ಬೇರೆ. ಹೆಚ್ಚಿನವು 60,000ದಿಂದ 1,00,000 ಕಿಲೋಮೀಟರ್ ಅಥವಾ ಐದರಿಂದ ಏಳು ವರ್ಷ. ವರ್ಷದ ಲೆಕ್ಕವನ್ನು ಜನ ಮರೆಯುತ್ತಾರೆ. ಹತ್ತು ವರ್ಷದಲ್ಲಿ 50,000 ಮಾತ್ರ ಓಡಿದ ಕಾರಿನ ರಬ್ಬರ್ ವಯಸ್ಸಾಗಿಯೇ ಸೀಳಿರುತ್ತದೆ.

ಬದಲಿಸುವಾಗ ಬೆಲ್ಟ್ ಒಂದನ್ನೇ ಹಾಕಿಸಬೇಡಿ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್, ಅದಕ್ಕೆ ದಾರಿ ಕೊಡುವ ಐಡ್ಲರ್ ಬೇರಿಂಗ್ ಮತ್ತು ಈ ಬೆಲ್ಟಿನಿಂದಲೇ ತಿರುಗುವ ವಾಟರ್ ಪಂಪ್ ಎಲ್ಲ ಒಟ್ಟಿಗೆ. ಅಲ್ಲಿಗೆ ತಲುಪುವ ಕೂಲಿಯೇ ದೊಡ್ಡ ಖರ್ಚು. ಹಳೇ ಪಂಪ್ ಆರು ತಿಂಗಳಿಗೆ ಲೀಕ್ ಆದರೆ ಅದೇ ಕೂಲಿ ಮತ್ತೆ ಕೊಡಬೇಕು. ಕ್ರ್ಯಾಂಕ್, ಕ್ಯಾಮ್ ಸೀಲ್‌ಗಳಲ್ಲಿ ಆಯಿಲ್ ಒಸರುತ್ತಿದ್ದರೆ ಅವನ್ನೂ ಆಗಲೇ ಹಾಕಿಸಿ, ಆಯಿಲ್ ಬಿದ್ದ ಬೆಲ್ಟ್ ಬಾಳುವುದಿಲ್ಲ. ಹೊಸ ಬೆಲ್ಟ್ ಹಾಕಿದ ಮೇಲೆ ಸೆಲ್ಫ್ ಹೊಡೆಯುವ ಮೊದಲು ಕ್ರ್ಯಾಂಕನ್ನು ಸ್ಪ್ಯಾನರಿನಿಂದ ಕೈಯಾರೆ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಕೂಡುತ್ತವೆಯೇ ಎಂದು ನೋಡಬೇಕು. ನಿಮ್ಮ ಮೆಕ್ಯಾನಿಕ್ ಇದನ್ನು ಮಾಡುತ್ತಾರೆಯೇ ಎಂದು ಕೇಳಿ, ಒಳ್ಳೆಯ ಕೆಲಸಗಾರರು ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಫೋರ್ಡ್‌ನ 1.0 ಇಕೋಬೂಸ್ಟ್, ಪ್ಯೂಜೊ-ಸಿಟ್ರನ್‌ನ 1.2 ಪ್ಯೂರ್‌ಟೆಕ್‌ನಂಥ ಕೆಲವು ಎಂಜಿನ್‌ಗಳಲ್ಲಿ ಬೆಲ್ಟ್ ಆಯಿಲ್‌ನಲ್ಲೇ ನೆನೆದು ಓಡುವಂತೆ ಮಾಡಿದ್ದರು. ಅಂಥವಕ್ಕೆ ಕಂಪನಿ ಹೇಳಿದ ಸ್ಪೆಸಿಫಿಕೇಶನ್ ಬಿಟ್ಟು ಬೇರೆ ಆಯಿಲ್ ಹಾಕಲೇಬಾರದು. ರಬ್ಬರ್ ಉದುರಿ ಆಯಿಲ್ ಜಾಲರಿ ಕಟ್ಟಿಕೊಳ್ಳುತ್ತದೆ.

ಚೈನ್ ಇರುವ ಎಂಜಿನ್‌ಗೆ ನಿಗದಿತ ಅವಧಿ ಸಾಮಾನ್ಯವಾಗಿ ಇಲ್ಲ. ಆದರೆ ಚೈನಿನ ಆಯಸ್ಸು ಆಯಿಲ್ ಮೇಲೆ ನಿಂತಿದೆ. ತಣ್ಣನೆಯ ಸ್ಟಾರ್ಟ್‌ನಲ್ಲಿ ಕೆಲವು ಸೆಕೆಂಡ್ ಗಲಗಲ ಸದ್ದು ಬಂದರೆ ಚೈನ್ ಉದ್ದವಾಗಿದೆ ಅಥವಾ ಟೆನ್ಷನರ್ ಸೋತಿದೆ. ಮುಂದೂಡಬೇಡಿ.

ಹಂತ 5: ಗೇರ್‌ಬಾಕ್ಸ್

ಮ್ಯಾನುಯಲ್ ಗೇರ್‌ಬಾಕ್ಸ್‌ಗೆ ಎರಡು ಲೀಟರ್‌ನ ಆಸುಪಾಸು ಆಯಿಲ್ ಸಾಕು. 60,000ದಿಂದ 80,000 ಕಿಲೋಮೀಟರ್‌ಗೊಮ್ಮೆ ಬದಲಿಸಿ. ನಿಯಮ ಒಂದೇ: ಕೆಳಗಿನ ಡ್ರೇನ್ ಬೋಲ್ಟ್ ಮುಟ್ಟುವ ಮೊದಲು, ತುಂಬಿಸುವ ಮೇಲಿನ ಬೋಲ್ಟ್ ಬಿಚ್ಚುತ್ತದೆಯೇ ನೋಡಿ. ಆಯಿಲೆಲ್ಲ ಇಳಿಸಿದ ಮೇಲೆ ಅದು ತುಕ್ಕು ಹಿಡಿದು ಕೂತಿದೆ ಎಂದು ಗೊತ್ತಾದರೆ ಕಾರು ಅಲ್ಲೇ ಉಳಿಯುತ್ತದೆ. ಕಾರಿನ ಮ್ಯಾನುಯಲ್ ಪುಸ್ತಕದಲ್ಲಿ ಜಿಎಲ್-4 (ಗೇರ್ ಆಯಿಲಿನ ಒಂದು ದರ್ಜೆ) ಎಂದಿದ್ದರೆ ಜಿಎಲ್-5 ಹಾಕಬೇಡಿ. ಅದರಲ್ಲಿನ ರಾಸಾಯನಿಕ ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಒಳಗಿನ ಹಿತ್ತಾಳೆ ಸಿಂಕ್ರೋ ರಿಂಗ್‌ಗಳನ್ನು ಹಾಳು ಮಾಡಬಹುದು.

ಆಟೋಮ್ಯಾಟಿಕ್‌ಗೆ "ಜೀವಮಾನವಿಡೀ ಬದಲಿಸಬೇಕಿಲ್ಲ" ಎಂದು ಬರೆದಿದ್ದರೂ, ಮೂರು ಲಕ್ಷ ಓಡಿಸುವ ಮನಸ್ಸಿದ್ದರೆ 60,000 ಕಿಲೋಮೀಟರ್‌ಗೊಮ್ಮೆ ಬದಲಿಸಿ. ಯಂತ್ರ ಹಚ್ಚಿ ಒತ್ತಡದಿಂದ ಫ್ಲಶ್ ಮಾಡಿಸುವುದು ಬೇಡ. ಇಳಿದಷ್ಟು ಇಳಿಸಿ, ಅಷ್ಟೇ ಅಳೆದು ತುಂಬಿ. ಹೀಗೆ ಒಮ್ಮೆಗೆ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಮಾತ್ರ ಹೊಸದಾಗುತ್ತದೆ, ಆದ್ದರಿಂದ ಕೆಲವು ಸಾವಿರ ಕಿಲೋಮೀಟರ್ ಅಂತರದಲ್ಲಿ ಎರಡು-ಮೂರು ಸಲ ಮಾಡಿ. ಸಿವಿಟಿ (ಹಲ್ಲಿನ ಗೇರ್‌ಗಳ ಬದಲು ಬೆಲ್ಟಿನಿಂದ ಓಡುವ ಆಟೋಮ್ಯಾಟಿಕ್) ಗೇರ್‌ಬಾಕ್ಸ್‌ಗೆ ಅದರದೇ ದ್ರವ, ಬೇರೆ ಎಟಿಎಫ್ (ಆಟೋಮ್ಯಾಟಿಕ್ ಗೇರ್ ದ್ರವ) ಹಾಕಿದರೆ ಒಳಗಿನ ಉಕ್ಕಿನ ಬೆಲ್ಟ್ ಜಾರುತ್ತದೆ. ಈಗಾಗಲೇ ಗೇರ್ ಜಾರುತ್ತಿರುವ ಗೇರ್‌ಬಾಕ್ಸ್ ಹೊಸ ದ್ರವದಿಂದ ಸರಿಯಾಗುತ್ತದೆ ಎಂಬ ಆಸೆ ಇಟ್ಟುಕೊಳ್ಳಬೇಡಿ.

ಕ್ಲಚ್ ಪರೀಕ್ಷೆ ಸುಲಭ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರ್‌ನಲ್ಲಿ ನಿಧಾನವಾಗಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ವೇಗ ಏರಿ, ಕಾರಿನ ವೇಗ ಏರದಿದ್ದರೆ ಪ್ಲೇಟ್ ಮುಗಿದಿದೆ.

ಹಂತ 6: ಬ್ರೇಕ್

ಬ್ರೇಕ್ ಆಯಿಲ್ ಗಾಳಿಯಿಂದ ನೀರಿನಂಶ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ 230 ಡಿಗ್ರಿಗಿಂತ ಕೆಳಗೆ ಕುದಿಯಬಾರದು ಎಂಬುದು ನಿಯಮ. ನೀರು ಸೇರಿದ ಮೇಲೆ ಈ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಸತತ ಬ್ರೇಕ್ ಹಿಡಿದಾಗ ಅದು ಕುದಿದು ಆವಿಯಾದರೆ ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಾಟ್ 5 ಸಿಲಿಕೋನ್ ದ್ರವ ಬೇರೆ ಜಾತಿ, ಡಾಟ್ 3 ಅಥವಾ 4ರ ಜೊತೆ ಬೆರೆಸಬೇಡಿ.

ಪ್ಯಾಡ್‌ನ ಸವೆಯುವ ಭಾಗ 3 ಮಿಲಿಮೀಟರ್‌ಗೆ ಬಂದರೆ ಹೊಸದು ಹಾಕಿ. ಒಳಗಿನ ಪ್ಯಾಡ್ ಬೇಗ ಸವೆದು ಹೊರಗಿನದು ದಪ್ಪವಾಗಿಯೇ ಇದ್ದರೆ ಪ್ಯಾಡ್‌ಗಳನ್ನು ಒತ್ತುವ ಕ್ಯಾಲಿಪರಿನ ಸ್ಲೈಡ್ ಪಿನ್ ಜಾರದೆ ಹಿಡಿದುಕೊಂಡಿದೆ. ಹೊರಗಿನಿಂದ ಇಣುಕಿ ನೋಡಿ "ಇನ್ನೂ ಇದೆ" ಎನ್ನುವವರು ಮೋಸ ಹೋಗುವುದು ಇಲ್ಲೇ. ಪ್ಯಾಡ್ ಬದಲಿಸುವಾಗಲೆಲ್ಲ ಪಿನ್ ತೆಗೆದು ಒರೆಸಿ, ಬ್ರೇಕ್‌ಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿಸಿ. ಸಾಧಾರಣ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ.

ಹಂತ 7: ಕೆಳಭಾಗ ಮತ್ತು ಟೈರ್

ಆಯಿಲ್ ಬದಲಿಸುವಾಗಲೆಲ್ಲ ಟಾರ್ಚ್ ಹಿಡಿದು ಮುಂದಿನ ಚಕ್ರಗಳ ಒಳಬದಿ ನೋಡಿ. ಅಲ್ಲಿ ಅಕಾರ್ಡಿಯನ್‌ನಂತೆ ಮಡಿಕೆ ಮಡಿಕೆಯಾದ ರಬ್ಬರ್ ಬೂಟ್ ಇರುತ್ತದೆ, ಚಕ್ರಕ್ಕೆ ಶಕ್ತಿ ಕೊಡುವ ಸಿವಿ ಜಾಯಿಂಟನ್ನು ಅದು ಮುಚ್ಚಿರುತ್ತದೆ. ಮಡಿಕೆಯ ತಳದಲ್ಲಿ ಸೀಳು ಕಂಡು ಒಳಗಿನ ಗ್ರೀಸ್ ಇನ್ನೂ ಹೊರ ಚೆಲ್ಲಿಲ್ಲದಿದ್ದರೆ ಬೂಟ್ ಒಂದೇ ಬದಲಿಸಿದರೆ ಮುಗಿಯಿತು. ರಿಮ್ಮಿನ ಒಳಗೆಲ್ಲ ಕಪ್ಪು ಗ್ರೀಸ್ ಸಿಡಿದು, ಪೂರ್ತಿ ತಿರುಗಿಸಿ ಹೊರಟಾಗ ಟಕಟಕ ಸದ್ದು ಬರುತ್ತಿದ್ದರೆ ಜಾಯಿಂಟ್‌ಗೆ ಮಣ್ಣು ಹೋಗಿ ಸವೆದಿದೆ, ಅದನ್ನೇ ಬದಲಿಸಬೇಕು.

ಚಕ್ರ ನೆಲದಿಂದ ಎತ್ತಿ, ಮೇಲೆ-ಕೆಳಗೆ ಹಿಡಿದು ಅಲುಗಾಡಿಸಿ. ಆಟ ಸಿಕ್ಕರೆ ಬಾಲ್ ಜಾಯಿಂಟ್ (ಚಕ್ರವನ್ನು ಸಸ್ಪೆನ್ಷನ್‌ಗೆ ಜೋಡಿಸುವ ಕೀಲು) ಅಥವಾ ವೀಲ್ ಬೇರಿಂಗ್ ಸವೆದಿದೆ. ಎಡ-ಬಲ ಹಿಡಿದಾಗ ಆಟವಿದ್ದರೆ ಟೈ ರಾಡ್ ಎಂಡ್ (ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಕೀಲು) ಸವೆದಿದೆ. ಬಾಲ್ ಜಾಯಿಂಟ್ ಕಿತ್ತುಬಂದರೆ ಚಕ್ರ ಮಡಚಿಕೊಳ್ಳುತ್ತದೆ. ಹಾಗಾಗಿ ಶಾಕ್ ಅಬ್ಸಾರ್ಬರ್‌ಗಿಂತ ಮೊದಲು ಇದನ್ನು ಮಾಡಿಸಿ.

ಟೈರ್ ಪಕ್ಕದ ಗೋಡೆಯಲ್ಲಿ ನಾಲ್ಕಂಕಿಯ ಗುರುತು ಇರುತ್ತದೆ. 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮೇಲ್ಮೈಯ ಪಟ್ಟೆ (ಟ್ರೆಡ್) ಆಳವಿದ್ದರೂ ಹತ್ತು ವರ್ಷ ದಾಟಿದ ಟೈರ್ ಬೇಡ, ಆರು ವರ್ಷ ಆದಮೇಲೆ ಪ್ರತಿ ಸರ್ವಿಸ್‌ನಲ್ಲಿ ಬಿರುಕು ಹುಡುಕಿ. ಪಟ್ಟೆ 1.6 ಮಿಲಿಮೀಟರ್ ಆದರೆ ಮುಗಿಯಿತು. ಮಳೆಯಲ್ಲಿ ಓಡಿಸುವವರು 3ಕ್ಕೇ ಬದಲಿಸುವುದು ಕ್ಷೇಮ. ಗಾಳಿಯನ್ನು ತಣ್ಣಗಿದ್ದಾಗ ಅಳೆಯಿರಿ.

ಹಂತ 8: ಪ್ಲಗ್, ಬ್ಯಾಟರಿ

ಸಾಧಾರಣ ನಿಕ್ಕಲ್ ಪ್ಲಗ್ 30,000ದಿಂದ 40,000, ಇರಿಡಿಯಂ ಪ್ಲಗ್ ಒಂದು ಲಕ್ಷ ಕಿಲೋಮೀಟರ್. ಎಂಜಿನ್ ತಣ್ಣಗಿದ್ದಾಗ ಮಾತ್ರ ಬಿಚ್ಚಿ. ಹಳೇ ಪ್ಲಗ್‌ಗಳನ್ನು ಸಿಲಿಂಡರ್ ಕ್ರಮದಲ್ಲಿ ಜೋಡಿಸಿಟ್ಟು ನೋಡಿ: ತಿಳಿಕಂದು ಬಣ್ಣ ಆರೋಗ್ಯ, ಒಣ ಕಪ್ಪು ಮಸಿ ಎಂದರೆ ಪೆಟ್ರೋಲ್ ಹೆಚ್ಚು, ಒದ್ದೆ ಎಣ್ಣೆ ಎಂದರೆ ಆ ಸಿಲಿಂಡರ್‌ಗೆ ಆಯಿಲ್ ಬರುತ್ತಿದೆ.

ರಾತ್ರಿ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್, 12.2 ಎಂದರೆ ಅರ್ಧ. ಎಂಜಿನ್ ಓಡುವಾಗ 13.8ರಿಂದ 14.5 ಇರಬೇಕು. ಅದಕ್ಕಿಂತ ಕಡಿಮೆಯಿದ್ದರೆ ದೋಷ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಅಥವಾ ಅದನ್ನು ತಿರುಗಿಸುವ ಬೆಲ್ಟಿನದು, ಹೊಸ ಬ್ಯಾಟರಿ ತಂದು ಪ್ರಯೋಜನವಿಲ್ಲ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ.

ಹಂತ 9: ಎಂಜಿನ್ ದೀಪ

ಹಳದಿ ಚೆಕ್ ಎಂಜಿನ್ ದೀಪ ನಿಂತು ಉರಿದರೆ ಆ ವಾರದೊಳಗೆ ಸ್ಕ್ಯಾನ್ ಮಾಡಿ. ಮಿಣುಕುತ್ತಿದ್ದರೆ ಕೂಡಲೇ ಆಕ್ಸಿಲರೇಟರ್ ಸಡಿಲಿಸಿ ನಿಲ್ಲಿಸಿ. ಯಾವುದೋ ಸಿಲಿಂಡರ್ ಉರಿಯದೆ, ಸುಡದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿರುವ, ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅದನ್ನು ಸುಡುತ್ತಿದೆ.

ಸ್ಕ್ಯಾನರ್ ತೋರಿಸುವ ದೋಷದ ಕೋಡನ್ನು ಅಳಿಸುವ ಮೊದಲು ಬರೆದುಕೊಳ್ಳಿ. ಕೋಡ್ ಲಕ್ಷಣವನ್ನು ಹೇಳುತ್ತದೆ, ಕೆಟ್ಟ ಭಾಗದ ಹೆಸರನ್ನಲ್ಲ. ಪಿ0171 ಬಂದರೆ ಎಂಜಿನ್‌ಗೆ ಗಾಳಿ ಹೆಚ್ಚು, ಇಂಧನ ಕಡಿಮೆ ಎಂದಷ್ಟೇ ಅರ್ಥ. ಓದಿದ ಕೂಡಲೇ ಆಕ್ಸಿಜನ್ ಸೆನ್ಸರ್ ಬದಲಿಸುವವರು ಬಹಳ. ಸೀಳಿದ ವ್ಯಾಕ್ಯೂಮ್ ಪೈಪ್, ಕೊಳೆಯಾದ ಏರ್‌ಫ್ಲೋ ಸೆನ್ಸರ್ ಮೊದಲು ನೋಡಿ. ಹಾಗೆಯೇ ಪಿ0420 (ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಕೋಡ್) ಬಂತೆಂದು ದುಬಾರಿ ಕನ್ವರ್ಟರ್ ಹಾಕಿಸುವ ಮೊದಲು ಎಕ್ಸಾಸ್ಟ್ ಪೈಪ್ ಲೀಕ್ ಇಲ್ಲವೆಂದು, ಮಿಸ್‌ಫೈರ್ (ಸಿಲಿಂಡರ್ ಉರಿಯದಿರುವುದು) ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಇಲ್ಲದಿದ್ದರೆ ಹೊಸದೂ ಸುಟ್ಟುಹೋಗುತ್ತದೆ.

ಹಂತ 10: ಬಿಡಿಭಾಗ, ತುಕ್ಕು, ಮತ್ತು ಖರ್ಚು ನಿಲ್ಲಿಸುವ ಗಡಿ

ಟೈಮಿಂಗ್ ಬೆಲ್ಟ್ ಕಿಟ್, ಬ್ರೇಕ್, ಥರ್ಮೋಸ್ಟ್ಯಾಟ್, ಸೆನ್ಸರ್ ಇವುಗಳಲ್ಲಿ ಕಂಪನಿಯ ಭಾಗ ಅಥವಾ ಕಂಪನಿಗೆ ಮಾಡಿಕೊಡುವ ತಯಾರಕರದೇ ಭಾಗ ಕೊಳ್ಳಿ. ಕನ್ನಡಿ, ಬಾಗಿಲ ಹಿಡಿ, ಹೆಡ್‌ಲೈಟ್, ಸೀಟು, ಕಿಟಕಿ ಮೋಟರ್ ಗುಜರಿಯಿಂದ ತಂದರೂ ನಡೆಯುತ್ತದೆ.

ಎಂಜಿನ್, ಗೇರ್‌ಬಾಕ್ಸ್ ಬದಲಿಸಬಹುದು, ಬಾಡಿ ಬದಲಿಸಲಾಗದು. ಬಾಗಿಲ ಕೆಳಗಿನ ಅಂಚಿನಲ್ಲಿರುವ ನೀರು ಹರಿಯುವ ರಂಧ್ರಗಳನ್ನು ಕಡ್ಡಿಯಿಂದ ಬಿಡಿಸಿ, ಮುಂದಿನ ಗಾಜಿನ ಕೆಳಗೆ ಸೇರುವ ಎಲೆಕಸ ತೆಗೆಯಿರಿ. ಉಪ್ಪುಗಾಳಿ, ಕೆಸರಿನಲ್ಲಿ ಓಡಿದ ಮೇಲೆ ಕೆಳಭಾಗಕ್ಕೆ ನೀರು ಹೊಡೆಸಿ. ತುಕ್ಕಿನ ಮೇಲೆ ನೇರವಾಗಿ ದಪ್ಪ ಕಪ್ಪು ಕೋಟಿಂಗ್ ಬಳಿಸಬೇಡಿ. ಒಳಗೆ ತೇವ ಸಿಕ್ಕಿಕೊಂಡು ಕಣ್ಣಿಗೆ ಕಾಣದಂತೆ ತಿನ್ನುತ್ತದೆ. ಕೆರೆದು, ಪ್ರೈಮರ್ ಹಚ್ಚಿ, ಆಮೇಲೆ ಕೋಟಿಂಗ್.

ವರ್ಷಕ್ಕೊಮ್ಮೆ ಜ್ಯಾಕ್ ಕೊಡುವ ಜಾಗ, ಬಾಗಿಲ ಕೆಳಗಿನ ಸಿಲ್, ಶಾಕ್ ಅಬ್ಸಾರ್ಬರ್ ಮೇಲ್ತುದಿ ಕೂರುವ ಜಾಗ, ಸಬ್‌ಫ್ರೇಮ್ (ಎಂಜಿನ್, ಸಸ್ಪೆನ್ಷನ್ ಹೊತ್ತ ಕೆಳಗಿನ ಚೌಕಟ್ಟು) ಇವುಗಳನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ಸದ್ದು ಬಂದರೆ ಸರಿ. ಬೊದ್ದು ಸದ್ದು ಬಂದು ಲೋಹ ಪುಡಿಯಾಗಿ ಉದುರಿದರೆ, ಬೆಸುಗೆ ಹಾಕಲು ಸುತ್ತ ಗಟ್ಟಿ ತಗಡು ಉಳಿದಿದೆಯೇ ಎಂದು ಬಾಡಿ ಕೆಲಸದವರಿಗೆ ತೋರಿಸಿ. ಉಳಿದಿಲ್ಲ ಎಂದರೆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಆ ಕಾರಿಗೆ ಹೊಸ ಖರ್ಚು ಹಾಕಬೇಡಿ. ಅದನ್ನು ರಸ್ತೆಯಿಂದ ಇಳಿಸಿ, ಹೊಸ ಟೈರ್, ಬ್ಯಾಟರಿ ಇದ್ದರೆ ತೆಗೆದಿಟ್ಟುಕೊಂಡು, ಉಳಿದದ್ದನ್ನು ಬಿಡಿಭಾಗಗಳಿಗೆ ಮಾರಿ.